ಶೋಕೇಸಿನಲ್ಲಿ ಡೈನೋಸಾರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆಗಳ ಹಿಂದೆ ಹಳೇ ನಾಣ್ಯ ಕೂಡಿಡುವವರ ಬಗ್ಗೆ ಬರೆಯುವಾಗ, ನಮ್ಮ ಮನೆ ಶೋಕೇಸಿನಲ್ಲಿ ನಾಣ್ಯಕ್ಕಿಂತ ಡೈನೋಸಾರ್ ಗೊಂಬೆಗಳೇ ಜಾಸ್ತಿ ಇವೆ ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬರಲಿಲ್ಲ. ಬೆಂಗಳೂರಲ್ಲೇ ಇಷ್ಟು ಜನ ದೊಡ್ಡವರು ಡೈನೋಸಾರ್ ಕೂಡಿಡುತ್ತಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ, ನಿಜಕ್ಕೂ ಖುಷಿಯಾಯಿತು. ಬಹಳ ಜನ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಯಾರ ಹೆಸರೂ ಹಾಕಿಲ್ಲ, ಬಡಾವಣೆ ಮಾತ್ರ ಇದೆ. ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ ಕಡಲೆಕಾಯಿ ಪರಿಷೆಯಲ್ಲಿ ಮಗನಿಗೆ ಅಂತ ಒಂದು ಪ್ಯಾಕೆಟ್ ಡೈನೋಸಾರ್ ಕೊಡಿಸಿದೆ. ಮಗ ಈಗ ಕ್ರಿಕೆಟ್ ಹಿಂದೆ ಬಿದ್ದಿದ್ದಾನೆ. ನಾನು ಮಾತ್ರ ಬಿಟ್ಟಿಲ್ಲ, ಈಗ 46 ಗೊಂಬೆ ಆಗಿವೆ. ಮನೆಗೆ ಯಾರಾದರೂ ಬಂದರೆ "ಮಗನದು" ಅಂತ ಹೇಳಿ ತಪ್ಪಿಸಿಕೊಳ್ಳುತ್ತೇನೆ. "ಇಷ್ಟು ದೊಡ್ಡವನಾಗಿ ಗೊಂಬೆ ಇಟ್ಕೊಂಡು ಕೂತಿದ್ದೀಯಲ್ಲೋ" ಅಂತಾರೆ ನಮ್ಮ ತಾಯಿ. ನನಗೇನಾದರೂ ಆಗಿದೆಯಾ ಸರ್? (ವಿಜಯನಗರ)

ಉತ್ತರ: ಏನೂ ಆಗಿಲ್ಲ ಸರ್. ಮೊದಲು "ಮಗನದು" ಅನ್ನೋದನ್ನು ಬಿಡಿ. ನೀವು ಹಾಗೆ ಹೇಳುವಾಗ ಮಗ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ. ತನಗೆ ಇಷ್ಟವಾದದ್ದನ್ನು ಅಪ್ಪ ಮುಚ್ಚಿಡುತ್ತಾನೆ ಅನ್ನೋದು ಅವನ ಮನಸ್ಸಿಗೆ ಹೋಗೋದು ಬೇಡ. "ನಂದೇ, ನನಗೆ ಇಷ್ಟ" ಅನ್ನಿ. ಒಂದೆರಡು ಸಲ ಹೇಳಿದರೆ ಬಾಯಿಗೆ ರೂಢಿಯಾಗುತ್ತದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಡೈನೋಸಾರ್ ಮಾದರಿಗಳು ಹುಟ್ಟಿದ್ದೇ ಮಕ್ಕಳ ಆಟಕ್ಕಲ್ಲ. ರಿಚರ್ಡ್ ಓವೆನ್ ಅನ್ನೋ ವಿಜ್ಞಾನಿ ಈ ಪ್ರಾಣಿಗಳಿಗೆ ಹೆಸರು ಕಟ್ಟಿದ್ದು 1842ರಲ್ಲಿ. ಅದಾಗಿ ಹನ್ನೆರಡೇ ವರ್ಷಕ್ಕೆ, 1854ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸ್ ಅನ್ನೋ ಶಿಲ್ಪಿ ಆಳೆತ್ತರಕ್ಕೂ ಮೀರಿದ ಡೈನೋಸಾರ್‌ಗಳನ್ನು ನಿಲ್ಲಿಸಿದರು, ಅವು ಇವತ್ತಿಗೂ ಅಲ್ಲಿವೆ. ಅದರ ಜೊತೆಗೇ ಮೇಜಿನ ಮೇಲೆ ಇಡಬಹುದಾದ ಚಿಕ್ಕ ಮಾದರಿಗಳನ್ನೂ ಮಾಡಿದರು. ಅವನ್ನು ಕೊಂಡವರು ಮೇಷ್ಟ್ರುಗಳು, ಮ್ಯೂಸಿಯಂನವರು, ಓದುವ ಹುಚ್ಚಿದ್ದ ದೊಡ್ಡವರು. ಅಂದರೆ ಈ ಹವ್ಯಾಸ ಶುರುವಾಗಿದ್ದೇ ನಿಮ್ಮ ವಯಸ್ಸಿನವರಿಂದ.

ಇನ್ನು ನಿಮ್ಮ ತಾಯಿಯವರ ಮಾತು. ಅವರ ಜೊತೆ ವಾದಕ್ಕೆ ಇಳಿಯಬೇಡಿ, ಕೈಗೆ ಒಂದು ಗೊಂಬೆ ಕೊಡಿ. ನನ್ನ ಮೇಜಿನ ಮೇಲೆ ಈಗ ಒಂದು ಟ್ರೈಸೆರಾಟಾಪ್ಸ್ ಇದೆ, ಅಂಗೈ ಉದ್ದದ್ದು. ಹಣೆ ಮೇಲೆ ಎರಡು ಕೊಂಬು, ಮೂಗಿನ ಮೇಲೊಂದು, ಬಾಯಿ ಥೇಟ್ ಗಿಣಿಯ ಕೊಕ್ಕು. ಇದನ್ನು ಮಗುಚಿ ಮುಂಗಾಲು ನೋಡಿದರೆ ಐದು ಬೆರಳು ಕಾಣುತ್ತವೆ, ಆದರೆ ಒಳಗಡೆಯ ಮೂರಕ್ಕೆ ಮಾತ್ರ ಗೊರಸು ಇದೆ, ಹೊರಗಿನ ಎರಡು ಬೋಳು. ನಿಜವಾದ ಪ್ರಾಣಿಯ ಪಾದ ಇದ್ದದ್ದೇ ಹಾಗೆ. ಪರಿಷೆಯ ಪ್ಯಾಕೆಟ್ಟಿನ ಟ್ರೈಸೆರಾಟಾಪ್ಸ್ ತೆಗೆದು ನೋಡಿ, ಆನೆ ಕಾಲಿನ ಹಾಗೆ ಸುತ್ತಲೂ ಉಗುರು ಇರುತ್ತದೆ. ಯಾರ ಕಣ್ಣಿಗೂ ಬೀಳದ ಅಂಗಾಲಿನಲ್ಲಿ ಎರಡು ಬೆರಳನ್ನು ಸರಿಯಾಗಿ ಬೋಳು ಬಿಟ್ಟಿದ್ದಾನಲ್ಲ, ಆ ಕೆಲಸಗಾರ ಎಷ್ಟು ಓದಿರಬೇಕು, ಎಷ್ಟು ಶ್ರದ್ಧೆ ಇರಬೇಕು ಅವನಿಗೆ. ನಾನು ಈ ಗೊಂಬೆಗಳನ್ನು ಇಟ್ಟುಕೊಂಡಿರೋದು ಅದಕ್ಕೇ. ನಿಮ್ಮ ತಾಯಿಗೂ ಅದನ್ನೇ ತೋರಿಸಿ. ಬೆಳ್ಳಿ ದೀಪದ ಕುಸುರಿ ಕೆಲಸ ನೋಡಿ ಮೆಚ್ಚುವವರಿಗೆ ಇದು ಅರ್ಥವಾಗದೆ ಇರೋದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಮನೆ ಸಾಮಾನು, ಸ್ಕೂಲ್ ಫೀಸು, ಸಾಲದ ಕಂತು ಎಲ್ಲ ಕಳೆದು ಉಳಿದ ದುಡ್ಡಲ್ಲಿ ತಗೊಳ್ಳಿ, ಮತ್ತು ಹೆಂಡತಿಗೆ ನಿಜವಾದ ಬೆಲೆ ಹೇಳಿ. ಗೊಂಬೆ ತರೋದಕ್ಕಲ್ಲ, ಬೆಲೆ ಮುಚ್ಚಿಟ್ಟಿದ್ದಕ್ಕೆ ಮನೆಗಳಲ್ಲಿ ಜಗಳ ಆಗಿದ್ದನ್ನು ನೋಡಿದ್ದೇನೆ.

ಪ್ರಶ್ನೆ: ಪಿಜಿಯಲ್ಲಿದ್ದೇನೆ, ಕೆಲಸಕ್ಕೆ ಸೇರಿ ಒಂದು ವರ್ಷ. ತಿಂಗಳಿಗೆ ಹೆಚ್ಚೆಂದರೆ ಸಾವಿರ ರೂಪಾಯಿ ಇದಕ್ಕೆ ಇಡಬಹುದು. ಎಲ್ಲಿಂದ ಶುರು ಮಾಡಲಿ? ಯಾವ ಕಂಪನಿದು ಒಳ್ಳೇದು? ಜಾಗ ಅಂದರೆ ಒಂದೇ ಒಂದು ಶೆಲ್ಫು. (ಬಿಟಿಎಂ ಲೇಔಟ್)

ಉತ್ತರ: ಒಂದೇ ಶೆಲ್ಫು ಇರೋದು ಒಳ್ಳೇದೇ ಆಯಿತಮ್ಮ, ಆರಿಸಿ ತಗೊಳ್ಳೋದನ್ನು ಅದೇ ಕಲಿಸುತ್ತದೆ. ತಿಂಗಳಿಗೆ ಸಾವಿರ ಇದೆ ಅಂತ ಪ್ರತಿ ತಿಂಗಳೂ ಖರ್ಚು ಮಾಡಬೇಕಾಗಿಲ್ಲ. ಎರಡು ತಿಂಗಳದ್ದು ಕೂಡಿಸಿ ಒಂದು ಚೆನ್ನಾಗಿರೋದನ್ನು ತಗೊಳ್ಳಿ.

ಕೊಳ್ಳೋದಕ್ಕೆ ಮೊದಲು ಅಳತೆ ಅನ್ನೋದನ್ನು ತಿಳಿದುಕೊಳ್ಳಿ. ಬಹಳ ಜನ ಇದನ್ನು ಬಿಟ್ಟು ಮೂವತ್ತು ಗೊಂಬೆ ತಂದಮೇಲೆ ಪರದಾಡುತ್ತಾರೆ. ಒಂದಕ್ಕೆ ನಲವತ್ತು ಅಂದರೆ, ನಿಜವಾದ ಪ್ರಾಣಿಯ ನಲವತ್ತನೇ ಒಂದು ಪಾಲು. ಟಿರಾನೊಸಾರಸ್, ಅಂದರೆ ಎಲ್ಲರೂ ಟಿ-ರೆಕ್ಸ್ ಅನ್ನೋದು, ಸುಮಾರು 12 ಮೀಟರ್ ಉದ್ದ ಇತ್ತು, ಹಾಗಾದರೆ ಗೊಂಬೆ 30 ಸೆಂಟಿಮೀಟರ್, ಅಂದರೆ ಸ್ಕೂಲಿನ ಸ್ಕೇಲಿನಷ್ಟು. ವೆಲಾಸಿರಾಪ್ಟರ್ ಸುಮಾರು ಎರಡು ಮೀಟರ್, ಅದರಲ್ಲೂ ಅರ್ಧದಷ್ಟು ಬಾಲವೇ, ಎತ್ತರ ಒಂದು ಟರ್ಕಿ ಕೋಳಿಯಷ್ಟು. ಅದರ ಗೊಂಬೆ ಐದೇ ಸೆಂಟಿಮೀಟರ್ ಆಗುತ್ತದೆ, ನಿಮ್ಮ ಕಿರುಬೆರಳಿನಷ್ಟು. ಇವೆರಡನ್ನೂ ಪಕ್ಕಪಕ್ಕ ಇಟ್ಟಾಗ ಯಾವುದು ಎಷ್ಟಿತ್ತು ಅನ್ನೋದು ಕಣ್ಣಿಗೇ ಕಾಣುತ್ತದೆ. ಎಲ್ಲಾನೂ ಒಂದೇ ಸೈಜ್ ಇರೋ ಪ್ಯಾಕೆಟ್ಟಿನಲ್ಲಿ ಅದು ಕಾಣೋದಿಲ್ಲ. ಒಂದಕ್ಕೆ ಮೂವತ್ತೈದು ಅಥವಾ ಒಂದಕ್ಕೆ ನಲವತ್ತು, ಯಾವುದಾದರೂ ಒಂದನ್ನು ಹಿಡಿದುಕೊಂಡು ಅದರಲ್ಲೇ ಮುಂದುವರಿಯಿರಿ. ಆದರೆ ಬ್ರಾಕಿಯೊಸಾರಸ್ ಅಂಥ ಉದ್ದ ಕತ್ತಿನವು ಈ ಅಳತೆಯಲ್ಲಿ ಎರಡು ಅಡಿಗೆ ಹತ್ತಿರ ಬರುತ್ತವೆ, ಅವು ಪಿಜಿಗೆ ಬೇಡ.

ಕಂಪನಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಬೇರೆಯವರು ಬೇರೆ ಥರ ಹೇಳಬಹುದು. ಜರ್ಮನಿಯ ಶ್ಲೈಶ್ ಗಟ್ಟಿ ಮಾಲು, ನಮ್ಮೂರಿನ ಮಾಲ್‌ಗಳ ಗೊಂಬೆ ಅಂಗಡಿಗಳಲ್ಲಿ ಕಣ್ಣಾರೆ ನೋಡಿ ತಗೊಳ್ಳಬಹುದು, ಆದರೆ ಕೆಲವದರ ತಲೆ, ಪಾದ ಮೈಗಿಂತ ದಪ್ಪ. ಫ್ರಾನ್ಸಿನ ಪಾಪೊ ಗೊಂಬೆಗಳ ಚರ್ಮದ ಸುಕ್ಕು ನೋಡಿದರೆ ಉಸಿರಾಡುತ್ತಿದೆಯೇನೋ ಅನಿಸುತ್ತದೆ, ವಿಜ್ಞಾನದ ಲೆಕ್ಕದಲ್ಲಿ ಮಾತ್ರ ಸ್ವಲ್ಪ ಹಿಂದೆ. ಕಲೆಕ್ಟಾ ಮತ್ತು ಅಮೆರಿಕದ ಸಫಾರಿ ಇವೆರಡೂ ನನಗೆ ಅಚ್ಚುಮೆಚ್ಚು. ಯಾರೂ ಹೆಸರು ಕೇಳದ ಪ್ರಾಣಿಗಳನ್ನೂ ಮಾಡುತ್ತಾರೆ, ಮೂಳೆ ನೋಡಿ ಮಾಡುತ್ತಾರೆ. ಸಫಾರಿಯವರು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂ ಜೊತೆ ಸೇರಿ 1988ರಿಂದ 2015ರವರೆಗೆ ಒಂದಕ್ಕೆ ನಲವತ್ತರ ಒಂದು ಮಾಲೆಯನ್ನೇ ತಂದಿದ್ದರು. ಎಲ್ಲಾದರೂ ಹಳೇದು ಸಿಕ್ಕಿದರೆ ಬಿಡಬೇಡಿ. ಚೀನಾದ ಪಿಎನ್‌ಎಸ್‌ಒ, ಹಾವೊಲಾಂಗ್‌ಗುಡ್ ಈಗ ಎಲ್ಲರಿಗಿಂತ ಸೂಕ್ಷ್ಮವಾಗಿ ಮಾಡುತ್ತಿದ್ದಾರೆ. ಅವನ್ನು ಹೊರಗಿನಿಂದ ತರಿಸಬೇಕು. ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಗೊಂಬೆಯ ಬೆಲೆ ಮಾತ್ರ ನೋಡಿ ಆರ್ಡರ್ ಮಾಡಬೇಡಿ, ಸುಂಕ, ಸಾಗಣೆ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟಾಗುತ್ತದೆ ಅಂತ ಕೇಳಿಕೊಂಡು ಮುಂದುವರಿಯಿರಿ.

ಮೊದಲನೇ ಗೊಂಬೆ ಟಿ-ರೆಕ್ಸೇ ಆಗಬೇಕು ಅಂತಿಲ್ಲ. ನಿಮಗೆ ಯಾವ ಪ್ರಾಣಿ ಇಷ್ಟವೋ ಅದನ್ನು ತಗೊಂಡು, ಅದರ ಬಗ್ಗೆ ಒಂದು ತಿಂಗಳು ಓದಿ. ಆಮೇಲೆ ಎರಡನೇದು. ಹಾಗೆ ವರ್ಷಕ್ಕೆ ಆರೇ ಬಂದರೂ ಆರೂ ನಿಮ್ಮವಾಗಿರುತ್ತವೆ.

ಹಾಂ, ಅಗ್ಗದ ಪ್ಯಾಕೆಟ್ ತಗೊಂಡರೆ ಅದರಲ್ಲಿ ಬೆನ್ನ ಮೇಲೆ ಹಾಯಿಯಂಥ ಪಟ ಇರೋದು ಒಂದು ಇದ್ದೇ ಇರುತ್ತದೆ, ಅದರ ಕಾಲು ನೋಡಿ. ಹಲ್ಲಿಯ ಹಾಗೆ ಪಕ್ಕಕ್ಕೆ ಚಾಚಿದ್ದರೆ ಅದು ಡೈಮೆಟ್ರೊಡಾನ್, ಡೈನೋಸಾರೇ ಅಲ್ಲ. ಡೈನೋಸಾರ್‌ಗಳ ಕಾಲು ಮೈ ಕೆಳಗೆ ಕಂಬದ ಹಾಗೆ ನೆಟ್ಟಗಿರುತ್ತದೆ. ಡೈಮೆಟ್ರೊಡಾನ್ ಅವುಗಳಿಗಿಂತ ಕೋಟ್ಯಂತರ ವರ್ಷ ಮೊದಲೇ ಬಾಳಿ ಹೋದದ್ದು, ಸಂಬಂಧದಲ್ಲಿ ಡೈನೋಸಾರ್‌ಗಿಂತ ಹಾಲೂಡಿಸುವ ನಮ್ಮಂಥವರಿಗೇ ಹತ್ತಿರ.

ಪ್ರಶ್ನೆ: ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಮೊಮ್ಮಗ ತನ್ನ ಡೈನೋಸಾರ್‌ಗಳನ್ನೂ ಇಡಬೇಕು ಅಂತ ಹೋದ ವರ್ಷ ಅತ್ತುಬಿಟ್ಟ. ಪಟ್ಟದ ಗೊಂಬೆ ಇರೋ ಕಡೆ ಅದನ್ನೆಲ್ಲ ಇಡೋದಾ ಅಂತ ಸೊಸೆ ಬೇಡ ಅಂದಳು. ನನಗೆ ಮನಸ್ಸು ತಡೆಯುತ್ತಿಲ್ಲ. ಇಡಬಹುದಾ? (ಮಲ್ಲೇಶ್ವರ)

ಉತ್ತರ: ಅಮ್ಮಾ, ಧಾರಾಳವಾಗಿ ಇಡಿ. ಈ ಪತ್ರ ಓದಿ ನನಗೆ ಬಹಳ ಖುಷಿಯಾಯಿತು. ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆ, ದೇವರ ಗೊಂಬೆಗಳ ಜೊತೆಗೆ ಶೆಟ್ಟರ ಅಂಗಡಿ, ಕ್ರಿಕೆಟ್ ಮ್ಯಾಚು, ಮದುವೆ ದಿಬ್ಬಣ, ಕಾಡುಪ್ರಾಣಿ ಎಲ್ಲವೂ ಮೊದಲಿಂದ ಇದ್ದವೇ ಅಲ್ವಾ. ಸೊಸೆಯ ಮಾತೂ ತೆಗೆದುಹಾಕುವಂಥದ್ದಲ್ಲ, ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗೇ ಇರಲಿ. ಕೆಳಗೆ ನೆಲದ ಮೇಲೆ ನೀವು ಪಾರ್ಕ್ ಮಾಡುತ್ತೀರಲ್ಲ, ಆ ಜಾಗವನ್ನು ಮೊಮ್ಮಗನಿಗೆ ಬಿಟ್ಟುಕೊಡಿ. ಸುಮ್ನೆ ಯಾವುದೋ ಡೈನೋಸಾರ್ ಇಡೋದಕ್ಕಿಂತ ನಮ್ಮ ದೇಶದವನ್ನೇ ಇಟ್ಟು ನರ್ಮದೆಯ ತೀರ ಮಾಡಿದರೆ ಹೇಗೆ?

ನಮ್ಮಲ್ಲೂ ಡೈನೋಸಾರ್ ಇದ್ದವು. ಗುಜರಾತಿನ ರಹಿಯೋಲಿ ಹತ್ತಿರ ಸಿಕ್ಕ ಮೂಳೆಗಳಿಂದ 2003ರಲ್ಲಿ ಹೆಸರಿಟ್ಟದ್ದು ರಾಜಾಸಾರಸ್ ನರ್ಮದೆನ್ಸಿಸ್, ನರ್ಮದೆಯ ರಾಜ ಅಂತಲೇ ಅರ್ಥ. ಮಾಂಸ ತಿನ್ನೋದು, ಹಣೆ ಮೇಲೆ ಒಂದು ಮೊಂಡು ಕೊಂಬು. ಉದ್ದ ಕತ್ತಿನ ಇಸಿಸಾರಸ್ ಮಹಾರಾಷ್ಟ್ರದ ಡೊಂಗರ್‌ಗಾಂವ್‌ನದು. ಇನ್ನೊಂದಕ್ಕಂತೂ ರವೀಂದ್ರನಾಥ ಟಾಗೋರರ ಹೆಸರೇ ಇದೆ, ಬರಾಪಾಸಾರಸ್ ಟಾಗೋರೈ, 1975ರಲ್ಲಿ ಹೆಸರಿಟ್ಟದ್ದು. ಬರಾ ಪಾ ಅಂದರೆ ಬಂಗಾಳಿಯಲ್ಲಿ ದೊಡ್ಡ ಕಾಲು. ಅದರ ಅಸ್ಥಿಪಂಜರ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ನಿಂತಿದೆ. ಅಂಗಡಿಗಳಲ್ಲಿ ಈ ಮೂರರ ಗೊಂಬೆ ಸಿಗೋದು ಕಷ್ಟ. ಮೊಮ್ಮಗನ ಹತ್ತಿರ ಇರೋ ಉದ್ದ ಕತ್ತಿನದನ್ನೇ ಇಸಿಸಾರಸ್ ಅಂತ ಇಟ್ಟುಕೊಳ್ಳಿ. ಎರಡು ಕಾಲಿನ ಯಾವುದಾದರೂ ಮಾಂಸಾಹಾರಿಯ ಹಣೆಗೆ ಒಂದು ಚೂರು ಜೇಡಿಮಣ್ಣಿನ ಕೊಂಬು ಅಂಟಿಸಿದರೆ ರಾಜಾಸಾರಸ್ ಸಿದ್ಧ. ರಾಜಾಸಾರಸ್ ಸುಮಾರು ಆರೂವರೆ ಮೀಟರ್ ಇತ್ತು ಅಂತಾರೆ, ಹಾಗಾಗಿ ಒಂದಕ್ಕೆ ನಲವತ್ತರ ಲೆಕ್ಕದಲ್ಲಿ ಗೇಣುದ್ದಕ್ಕಿಂತ ಸ್ವಲ್ಪ ಚಿಕ್ಕದು ಸಾಕು.

ಇನ್ನು ಪಾರ್ಕಿಗೆ ನೀವು ಹೇಗೂ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ಪೈರು ಬರಿಸುತ್ತೀರಿ. ಅದನ್ನೇ ಇಡಿ, ಅದೇ ಸರಿ. ಯಾಕೆ ಸರಿ ಅಂತ ಹೇಳುತ್ತೇನೆ ಕೇಳಿ. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಅಂತ ಬಹಳ ಕಾಲ ನಂಬಿದ್ದರು. ಮಹಾರಾಷ್ಟ್ರದ ಪಿಸ್ದೂರದಲ್ಲಿ ಕಲ್ಲಾಗಿ ಹೋದ ಡೈನೋಸಾರ್ ಲದ್ದಿ ಸಿಕ್ಕಿತ್ತು. ನಮ್ಮ ದೇಶದ ವಿಜ್ಞಾನಿಗಳು ಅದನ್ನು ಪರೀಕ್ಷೆ ಮಾಡಿದಾಗ ಅದರೊಳಗೆ ಹುಲ್ಲಿನ ಸೂಕ್ಷ್ಮ ಕಣಗಳು ಕಂಡವು, ಭತ್ತದ, ಬಿದಿರಿನ ದೂರದ ನೆಂಟರು. 2005ರಲ್ಲಿ ಅದು ಪ್ರಕಟವಾಯಿತು. ಆ ಲದ್ದಿ ಉದ್ದ ಕತ್ತಿನ ಡೈನೋಸಾರ್‌ಗಳದ್ದೇ ಅಂತ ತಿಳಿದವರು ಹೇಳುತ್ತಾರೆ. ರಾಗಿಯೂ ಹುಲ್ಲಿನ ಜಾತಿಯೇ ಅಲ್ವಾ? ನಿಮ್ಮ ಮನೆಯ ರಾಗಿ ಪೈರಿನ ನಡುವೆ ಇಸಿಸಾರಸ್ ಕತ್ತು ಬಗ್ಗಿಸಿ ನಿಂತರೆ, ಎಷ್ಟೋ ದುಬಾರಿ ಮಾದರಿಗಳಿಗಿಂತ ಅದೇ ನಿಜಕ್ಕೆ ಹತ್ತಿರ.

ಒಂದು ಮೂಲೆಯಲ್ಲಿ ಮೊಟ್ಟೆಗಳ ಗೂಡನ್ನೂ ಮಾಡಿ, ದುಂಡಗಿನ ಬೆಣಚುಕಲ್ಲು ಸಾಕು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿದ್ದನ್ನು 2023ರಲ್ಲಿ ಪ್ರಕಟಿಸಿದರು. ಅದೇ ಜಿಲ್ಲೆಯ ಪಾಡಲ್ಯಾ ಊರಲ್ಲಿ ಹೊಲದಲ್ಲಿ ಸಿಕ್ಕ ದುಂಡು ಕಲ್ಲುಗಳನ್ನು ಜನ ಕಾಕಡ್ ಭೈರವ ಅಂತ, ಹೊಲ ದನಕರು ಕಾಯುವ ದೇವರು ಅಂತ ತಲೆಮಾರುಗಳಿಂದ ಪೂಜೆ ಮಾಡುತ್ತಿದ್ದರು, ನೋಡಿದರೆ ಅವು ಡೈನೋಸಾರ್ ಮೊಟ್ಟೆ. ಇದನ್ನು ಸೊಸೆಗೆ ಹೇಳಿ. ಗೊಂಬೆ ನೋಡೋಕೆ ಬರೋ ಮಕ್ಕಳಿಗೆ ಬೊಂಬೆ ಬಾಗಿನ ಕೊಡುವಾಗ ಮೊಮ್ಮಗನೇ ಈ ಕಥೆ ಹೇಳಲಿ. ಫೋಟೋ ತೆಗೆದು ನಮಗೂ ಕಳಿಸಿ ಅಮ್ಮಾ.

ಪ್ರಶ್ನೆ: ನನ್ನ ಟಿ-ರೆಕ್ಸ್ ತಂದಾಗ ನೆಟ್ಟಗೆ ನಿಲ್ಲುತ್ತಿತ್ತು. ಈ ಬೇಸಿಗೆ ಕಳೆದಮೇಲೆ ಮುಂದಕ್ಕೆ ವಾಲಿ ದಿನಾ ಮುಖ ಅಡಿಯಾಗಿ ಬೀಳುತ್ತಿದೆ. ಇನ್ನೆರಡು ಗೊಂಬೆ ಮುಟ್ಟಿದರೆ ಅಂಟಂಟು. ಏನು ಮಾಡಲಿ? (ಯಲಹಂಕ)

ಉತ್ತರ: ಎರಡು ಕಾಲಿನ ಗೊಂಬೆಗಳಿಗೆಲ್ಲ ಬರೋ ಕಾಯಿಲೆ ಇದು. ಪಿವಿಸಿ ಅನ್ನೋ ಮೆತ್ತನೆ ಪ್ಲಾಸ್ಟಿಕ್ಕು, ಭಾರವೆಲ್ಲ ಎರಡು ಕಣಕಾಲಿನ ಮೇಲೆ. ಏಪ್ರಿಲ್ ಬಿಸಿಲಿಗೆ ಕಣಕಾಲು ನಿಧಾನಕ್ಕೆ ಬಗ್ಗುತ್ತದೆ.

ನೀರು ಕುದಿಸಿ, ಒಲೆ ಆರಿಸಿ, ಐದು ನಿಮಿಷ ಬಿಡಿ. ಆಮೇಲೆ ಕಾಲು ಮಾತ್ರ ಮುಳುಗುವ ಹಾಗೆ ಒಂದು ಲೋಟದಲ್ಲಿ ಗೊಂಬೆಯನ್ನು ಒಂದೆರಡು ನಿಮಿಷ ಹಿಡಿಯಿರಿ. ಪ್ಲಾಸ್ಟಿಕ್ಕು ಮೆತ್ತಗಾಗೋದು ಕೈಗೆ ಗೊತ್ತಾಗುತ್ತದೆ. ಹೊರಗೆ ತೆಗೆದು, ಮೈಯನ್ನು ಬೇಕಾದ್ದಕ್ಕಿಂತ ಒಂದು ಕೂದಲೆಳೆ ಹಿಂದಕ್ಕೇ ಬಗ್ಗಿಸಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಹಾಕಿ. ಫ್ರಿಜ್ಜಿನ ನೀರಾದರೆ ಇನ್ನೂ ಒಳ್ಳೇದು. ಒಂದು ನಿಮಿಷ ಅಲ್ಲಾಡಿಸಬೇಡಿ, ಆ ಆಕಾರಕ್ಕೆ ಸೆಟ್ ಆಗುತ್ತದೆ. ಒಂದೇ ಸಲಕ್ಕೆ ಬರದಿದ್ದರೆ ಮಾರನೇ ದಿನ ಮತ್ತೆ ಮಾಡಿ, ಜೋರು ಮಾಡಿದರೆ ಬಣ್ಣ ಬಿರುಕು ಬಿಡುತ್ತದೆ. ಕೆಲಸ ಆದಮೇಲೆ ಎದೆ ಕೆಳಗೆ ಒಂದು ಪಾರದರ್ಶಕ ಆಸರೆ ಕೊಟ್ಟುಬಿಡಿ, ಮತ್ತೆ ವಾಲೋದಿಲ್ಲ.

ಅಂಟು ಬಂದಿರೋದು ಕೊಳೆಯಿಂದಲ್ಲ. ಪಿವಿಸಿಯನ್ನು ಮೆತ್ತಗಿಡಲು ಒಳಗೆ ಬೆರೆಸಿರುವ ಎಣ್ಣೆಯಂಥ ಪದಾರ್ಥ ಮೇಲಕ್ಕೆ ಬರುತ್ತದೆ. ಉಗುರು ಬೆಚ್ಚಗಿನ ನೀರು, ಎರಡು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್, ಹಳೇ ಮೆತ್ತನೆ ಟೂತ್‌ಬ್ರಷ್ಷು. ಮೆಲ್ಲಗೆ ತೊಳೆದು ನೆರಳಲ್ಲಿ ಒಣಗಿಸಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರಾನೂ ತರಬೇಡಿ. ನಾನು ಒಂದು ಸಲ ತಂದೆ. ನನ್ನ ಮೊದಲನೇ ಸ್ಟೆಗೊಸಾರಸ್‌ನ ಬೆನ್ನ ಫಲಕಗಳ ಕಿತ್ತಳೆ ಬಣ್ಣ ಹತ್ತಿಗೆ ಬಂದುಬಿಟ್ಟಿತು, ಆಮೇಲೆ ಎಷ್ಟು ಬಣ್ಣ ಹಚ್ಚಿದರೂ ಮೊದಲಿನ ಹಾಗೆ ಆಗಲಿಲ್ಲ, ಅದರ ಬೇಜಾರು ಇನ್ನೂ ಇದೆ. ಮತ್ತೆ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಬೇಡಿ, ಅಂಟು ಜಾಸ್ತಿ ಆಗೋದೇ ಅಲ್ಲಿ. ಥರ್ಮೊಕೋಲ್ ಮೇಲೂ ನೇರವಾಗಿ ಇಡಬೇಡಿ, ಆ ಎಣ್ಣೆ ಅದನ್ನು ಕರಗಿಸಿ ಗೊಂಬೆಗೆ ಅಂಟಿಸುತ್ತದೆ.

ಪ್ರಶ್ನೆ: ನಮ್ಮ ತಂದೆ ಎಂಬತ್ತರ ದಶಕದಲ್ಲಿ ಲಂಡನ್ನಿಗೆ ಹೋಗಿದ್ದಾಗ ತಂದ ಒಂದು ಡೈನೋಸಾರ್ ಇದೆ. ಒಂದೇ ಬಣ್ಣ, ಕಾಂಗರೂ ಥರ ಬಾಲ ಊರಿಕೊಂಡು ನೆಟ್ಟಗೆ ನಿಂತಿದೆ. ಇದು ತಪ್ಪು, ಟಿ-ರೆಕ್ಸ್ ಹೀಗೆ ನಿಲ್ಲುತ್ತಲೇ ಇರಲಿಲ್ಲ ಅಂತ ತಂಗಿ ಮಗ ಹೇಳುತ್ತಾನೆ. ಎಸೆದುಬಿಡೋದಾ? (ಬಸವನಗುಡಿ)

ಉತ್ತರ: ದಯವಿಟ್ಟು ಎಸೆಯಬೇಡಿ! ಮೊದಲು ಅದನ್ನು ತಿರುಗಿಸಿ, ಮೈ ಮೇಲೆ ಬ್ರಿಟಿಷ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಅಂತ ಅಚ್ಚು ಇದೆಯಾ ನೋಡಿ. ಇದ್ದರೆ ಅದು ಇನ್ವಿಕ್ಟಾ ಕಂಪನಿಯದು, ಆ ಮ್ಯೂಸಿಯಂಗೆ ಅಂತ ಎಪ್ಪತ್ತರ ದಶಕದಿಂದ ಮಾಡಿದ ಮಾಲೆ. ಕೂಡಿಡುವವರು ಅದನ್ನು ಕಣ್ಣಿಗೊತ್ತಿಕೊಂಡು ತಗೊಳ್ಳುತ್ತಾರೆ.

ತಂಗಿ ಮಗ ಹೇಳಿದ್ದೂ ಸರಿಯೇ. 1969ರಲ್ಲಿ ಜಾನ್ ಆಸ್ಟ್ರಮ್ ಅನ್ನೋ ಅಮೆರಿಕದ ವಿಜ್ಞಾನಿ ಡೈನೊನಿಕಸ್ ಅನ್ನೋ ಡೈನೋಸಾರ್ ಬಗ್ಗೆ ಬರೆದಮೇಲೆ ಎಲ್ಲರ ನೋಟ ಬದಲಾಯಿತು. ಬಾಲ ನೆಲಕ್ಕೆ ತಾಗದೆ, ಬೆನ್ನು ನೆಲಕ್ಕೆ ಸಮನಾಗಿ, ತಕ್ಕಡಿಯ ಹಾಗೆ ತೂಗಿಕೊಂಡು ಓಡಾಡುತ್ತಿದ್ದ ಚುರುಕು ಪ್ರಾಣಿಗಳು ಇವು ಅಂತ ಗೊತ್ತಾಯಿತು. 1996ರಲ್ಲಿ ಚೀನಾದಲ್ಲಿ ಸೈನೊಸಾರೊಪ್ಟೆರಿಕ್ಸ್ ಸಿಕ್ಕಿದಾಗ ಅದರ ಮೈ ತುಂಬ ನಯವಾದ ತುಪ್ಪಳ ಇತ್ತು, 2010ರಲ್ಲಿ ಅದರ ಬಣ್ಣವೂ ತಿಳಿಯಿತು, ಬಾಲಕ್ಕೆ ಕೆಂಗಂದು ಪಟ್ಟೆ. 2007ರಲ್ಲಿ ವೆಲಾಸಿರಾಪ್ಟರ್‌ನ ಮುಂಗೈ ಮೂಳೆಯ ಮೇಲೆ ಗರಿ ಕೂತಿದ್ದ ಗುಬುಟುಗಳು ಕಂಡವು. ಸ್ಪೈನೊಸಾರಸ್ ಅಂತೂ 2014ರಲ್ಲಿ ಕಾಲು ಗಿಡ್ಡ ಮಾಡಿಕೊಂಡಿತು, 2020ರಲ್ಲಿ ಬಾಲ ದೋಣಿಯ ಹುಟ್ಟಿನ ಹಾಗೆ ಅಗಲವಾಯಿತು. ಒಂದೊಂದು ಸಲವೂ ಗೊಂಬೆ ಮಾಡುವವರು ಹೊಸ ಅಚ್ಚು ಹಾಕಿದ್ದಾರೆ.

ಹಾಗಾಗಿ ನಿಮ್ಮ ತಂದೆ ತಂದ ಗೊಂಬೆ, ಆ ಕಾಲದಲ್ಲಿ ಜನ ಈ ಪ್ರಾಣಿಯನ್ನು ಹೇಗೆ ತಿಳಿದಿದ್ದರು ಅನ್ನೋದಕ್ಕೆ ಸಾಕ್ಷಿ. ಈಗಿನ ಒಂದು ಟಿ-ರೆಕ್ಸ್ ತಂದು ಪಕ್ಕದಲ್ಲಿ ನಿಲ್ಲಿಸಿ. ತಂಗಿ ಮಗನಿಗೆ ಕೊಡಬೇಕಾದ ಉಡುಗೊರೆಯೂ ಅದೇ ಆಗಬಹುದು. ಆದರೆ ಹಳೇದು ನಿಮ್ಮ ಹತ್ತಿರಾನೇ ಇರಲಿ, ತಂದೆಯವರು ಅಷ್ಟು ದೂರದಿಂದ ಹೊತ್ತು ತಂದದ್ದು.

ಪ್ರಶ್ನೆ: ಸಂಡೇ ಬಜಾರಿನಲ್ಲಿ 250 ರೂಪಾಯಿಗೆ ಒರಿಜಿನಲ್ ಪಾಪೊ ಅಂತ ಕೊಟ್ಟರು. ಡೂಪ್ಲಿಕೇಟಾ? ಕೆಳಗೆ ಮೇಡ್ ಇನ್ ಚೈನಾ ಅಂತ ಇದೆ. (ಚಾಮರಾಜಪೇಟೆ)

ಉತ್ತರ: ಮೇಡ್ ಇನ್ ಚೈನಾ ಅಂತ ಇರೋದರಿಂದ ಏನೂ ಹೇಳಕ್ಕಾಗಲ್ಲ, ಅಸಲಿ ಪಾಪೊ ಕೂಡ ಅಲ್ಲೇ ತಯಾರಾಗಿ ಬರುತ್ತದೆ. ಹೊಟ್ಟೆ ಅಥವಾ ಅಂಗಾಲಿನಲ್ಲಿ ಕಂಪನಿ ಹೆಸರು, ಇಸವಿ ಸ್ಪಷ್ಟವಾಗಿ ಇರಬೇಕು. ನಕಲಿಯಲ್ಲಿ ಆ ಜಾಗ ಕೆರೆದ ಹಾಗೆ ಮಸುಕಾಗಿರುತ್ತದೆ, ಇಲ್ಲಾ ಖಾಲಿ ಇರುತ್ತದೆ. ಆಮೇಲೆ ಕಣ್ಣು ನೋಡಿ. ಅಸಲಿಯಲ್ಲಿ ಪಾಪೆ ಸರಿಯಾಗಿ ಗುಳಿಯೊಳಗೆ ಕೂತಿರುತ್ತದೆ, ನಕಲಿಯಲ್ಲಿ ಬಣ್ಣ ರೆಪ್ಪೆ ದಾಟಿರುತ್ತದೆ. ಹಲ್ಲುಗಳು ಬಿಡಿಬಿಡಿಯಾಗಿರದೆ ಒಂದೇ ಬಿಳಿ ಪಟ್ಟಿಯ ಹಾಗೆ ಕಂಡರೂ ಅನುಮಾನ ಪಡಿ. ಕೊನೆಗೆ ಮೂಸಿ ನೋಡಿ. ಘಾಟು ವಾಸನೆ ಇದ್ದರೆ, ಬಾಯಿಗೆ ಹಾಕೋ ವಯಸ್ಸಿನ ಮಕ್ಕಳಿರೋ ಮನೆಗೆ ಅದು ಬೇಡವೇ ಬೇಡ. ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಅಂತ 2021ರ ಜನವರಿಯಿಂದ ನಿಯಮ ಇದೆ, ಮಗುವಿಗೆ ಅಂತ ಕೊಳ್ಳುವಾಗ ಅದನ್ನೂ ನೋಡಿ. 250ಕ್ಕೆ ಅಸಲಿ ಸಿಕ್ಕಿರೋದು ನನಗೆ ಅನುಮಾನ. ಆದರೂ ನಿಮಗೆ ಇಷ್ಟವಾಗಿದ್ದರೆ ಇಟ್ಟುಕೊಳ್ಳಿ, ಅಸಲಿ ಅಂತ ಹೇಳಿ ಬೇರೆಯವರಿಗೆ ಮಾತ್ರ ಮಾರಬೇಡಿ.

ಪ್ರಶ್ನೆ: ಬೆಂಗಳೂರು ಸುತ್ತಮುತ್ತ ಡೈನೋಸಾರ್ ಮೂಳೆ ಸಿಗಬಹುದಾ? ಮಗಳು ದಿನಾ ಸೈಟಿನಲ್ಲಿ ಅಗೆಯುತ್ತಿದ್ದಾಳೆ. ನಿಜವಾದ ಮೂಳೆ ಎಲ್ಲಿ ತೋರಿಸಲಿ? (ಕೆಂಗೇರಿ)

ಉತ್ತರ: ಅಗೆಯಲಿ ಬಿಡಿ, ಆದರೆ ನಮ್ಮ ಕೆಳಗಿರೋ ಬಂಡೆ ತೀರಾ ಹಳೇದು. ಒಂದು ಭಾನುವಾರ ಲಾಲ್‌ಬಾಗ್ ಗುಡ್ಡದ ಮೇಲೆ ಕೂರಿಸಿ ಹೇಳಿ: ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ, ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಹಕ್ಕಿಗಳನ್ನು ಬಿಟ್ಟು ಉಳಿದವೆಲ್ಲ ಹೋದದ್ದು 6.6 ಕೋಟಿ ವರ್ಷದ ಹಿಂದೆ. ಅವು ಬರುವ ಹೊತ್ತಿಗೇ ಈ ಬಂಡೆ ಮುದಿಯಾಗಿತ್ತು. ನಿಜವಾದ ಮೂಳೆ ನೋಡೋದಕ್ಕೆ ರಾತ್ರಿ ಬಸ್ಸಿಗೆ ಹತ್ತಿ ಹೈದರಾಬಾದಿಗೆ ಹೋಗಿ. ಅಲ್ಲಿನ ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಉದ್ದ ಕತ್ತಿನ ಕೋಟಾಸಾರಸ್‌ನ ಅಸ್ಥಿಪಂಜರ ನಿಂತಿದೆ, ತೆಲಂಗಾಣದ ಮಣ್ಣಲ್ಲೇ ಸಿಕ್ಕಿದ್ದು. ಹೋಗುವಾಗ ಮಗಳ ಉದ್ದ ಕತ್ತಿನ ಗೊಂಬೆಯೊಂದನ್ನು ಬ್ಯಾಗಿಗೆ ಹಾಕಿಕೊಳ್ಳಿ. ಅಸ್ಥಿಪಂಜರದ ಮುಂದೆ ಗೊಂಬೆ ಹಿಡಿದು ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಅವಳೇ ಹುಡುಕಲಿ, ಗಂಟೆಗಟ್ಟಲೆ ಅಲ್ಲಿಂದ ಕದಲೋದಿಲ್ಲ.

ಪ್ರಶ್ನೆ: 130 ಗೊಂಬೆ ಇವೆ. ಮುಂದಿನ ತಿಂಗಳು ಬಾಡಿಗೆ ಮನೆ ಬದಲಾಯಿಸುತ್ತಿದ್ದೇವೆ. ಒಂದೂ ಮುರಿಯದ ಹಾಗೆ ಹೇಗೆ ಸಾಗಿಸಲಿ? (ಆರ್‌.ಟಿ.ನಗರ)

ಉತ್ತರ: ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ, ಇಂಕು ಪಿವಿಸಿಗೆ ಹಿಡಿದರೆ ಬಿಡೋದಿಲ್ಲ. ಹಳೇ ಕಾಟನ್ ಸೀರೆ, ಪಂಚೆ ಹರಿದು ಒಂದೊಂದನ್ನೇ ಸುತ್ತಿ. ತೆಳ್ಳಗಿನ ಬಾಲ, ಕೊಂಬು ಇರೋವನ್ನು ಮೇಲಿನ ಸಾಲಿನಲ್ಲಿ ಇಡಿ, ಭಾರದವು ಕೆಳಗೆ. ಸುತ್ತೋ ಮೊದಲು ಶೆಲ್ಫಿನ ಒಂದೊಂದು ಸಾಲನ್ನೂ ಫೋಟೋ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತಲೆ ಕೆಡಿಸಿಕೊಳ್ಳೋದು ತಪ್ಪುತ್ತದೆ. ಡಬ್ಬಗಳನ್ನು ಲಾರಿಗೆ ಹಾಕದೆ ನಿಮ್ಮ ಜೊತೆ ಆಟೋದಲ್ಲಿ, ಬಿಸಿಲೇರುವ ಮುಂಚೆ ಒಯ್ಯಿರಿ. ಹೊಸ ಮನೆಗೆ ಹೋದ ದಿನವೇ ಡಬ್ಬ ಬಿಚ್ಚಿ ಗಾಳಿಗೆ ಇಡಿ. ಶೋಕೇಸು ಪಡುವಣ ಕಿಟಕಿಗೆ ಎದುರಾಗೋದು ಬೇಡ, ಸಂಜೆ ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ.